ಅಭಿಮಾನಿಗಳ ಗಲಾಟೆಯಿಂದಲೇ ಡಿಸಿ ಚಿತ್ರಗಳ (ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್‌ರಂಥ ಸೂಪರ್‌ಹೀರೋಗಳ ಸಿನಿಮಾಗಳ) ಮುಖ್ಯಸ್ಥರು ಬದಲಾದರಾ?

ಇಲ್ಲ, ಅದಕ್ಕಿಂತ ದೊಡ್ಡ ಕಾರಣ ಮಾಲೀಕರು ಬದಲಾದದ್ದು. 2022ರ ಏಪ್ರಿಲ್‌ನಲ್ಲಿ ಡಿಸಿಯ ಒಡೆತನ ಹೊಂದಿದ್ದ ವಾರ್ನರ್‌ಮೀಡಿಯಾ ಕಂಪನಿ ಮತ್ತು ಡಿಸ್ಕವರಿ ಒಂದಾದವು. ಹೊಸ ಯಜಮಾನರು ಬಂದ ಮೇಲೆ ಹಳೇ ಲೆಕ್ಕ ಕೆದಕದೆ ಇರ್ತಾರಾ? ಆಗಸ್ಟ್‌ನಲ್ಲಿ, ಚಿತ್ರೀಕರಣ ಮುಗಿದಿದ್ದ 'ಬ್ಯಾಟ್‌ಗರ್ಲ್' ಚಿತ್ರವನ್ನೇ ಮೂಲೆಗೆ ಹಾಕಿದರು. ನವೆಂಬರ್‌ನಲ್ಲಿ ನಿರ್ದೇಶಕ ಜೇಮ್ಸ್ ಗನ್, ನಿರ್ಮಾಪಕ ಪೀಟರ್ ಸಫ್ರಾನ್ ಡಿಸಿ ಚಿತ್ರಗಳ ಚುಕ್ಕಾಣಿ ಹಿಡಿದರು.

ಹಾಗಂತ ಅಭಿಮಾನಿಗಳ ಕೂಗಿಗೆ ಬೆಲೆಯೇ ಇಲ್ಲ ಅಂತಲ್ಲ. 2017ರ 'ಜಸ್ಟಿಸ್ ಲೀಗ್' ನೋಡಿ. ಮಗಳ ಸಾವಿನ ನಂತರ ನಿರ್ದೇಶಕ ಝ್ಯಾಕ್ ಸ್ನೈಡರ್ ಹಿಂದೆ ಸರಿದರು. ಜಾಸ್ ವೀಡನ್ ಬಂದು ಎಷ್ಟೋ ಭಾಗ ಮರುಚಿತ್ರೀಕರಿಸಿ ಮುಗಿಸಿದರು. ಸೂಪರ್‌ಮ್ಯಾನ್ ಪಾತ್ರದ ನಟ ಹೆನ್ರಿ ಕ್ಯಾವಿಲ್ ಇನ್ನೊಂದು ಚಿತ್ರಕ್ಕಾಗಿ ಬಿಟ್ಟಿದ್ದ ಮೀಸೆಯನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದು ಎದ್ದು ಕಾಣುತ್ತಿತ್ತು (ಆ ಮೇಲ್ದುಟಿಯನ್ನು ನಾನಿನ್ನೂ ಮರೆತಿಲ್ಲ). ಸ್ನೈಡರ್ ಅವರದೇ ಆವೃತ್ತಿ ಬೇಕೆಂದು ಅಭಿಮಾನಿಗಳು ಪಟ್ಟು ಬಿಡಲಿಲ್ಲ. ಕೊನೆಗೆ 2021ರ ಮಾರ್ಚ್‌ನಲ್ಲಿ ನಾಲ್ಕು ಗಂಟೆಯ ಸ್ನೈಡರ್ ಆವೃತ್ತಿ ಬಂತು.

ಆದರೆ ಮುಂದೆ ಯಾರು ನಟಿಸಬೇಕೆಂಬ ವಿಷಯದಲ್ಲಿ ಆ ಜೋರು ನಡೆಯಲಿಲ್ಲ. ಸೂಪರ್‌ಮ್ಯಾನ್ ಆಗಿ ಮರಳುತ್ತೇನೆಂದು ಕ್ಯಾವಿಲ್ ಹೇಳಿದ್ದು 2022ರ ಅಕ್ಟೋಬರ್‌ನಲ್ಲಿ. ಡಿಸೆಂಬರ್‌ನಲ್ಲಿ ಹೊಸ ಮುಖ್ಯಸ್ಥರು ಬೇಡವೆಂದರು. ಜಾಲತಾಣಗಳು ಹೊತ್ತಿ ಉರಿದರೂ ತೀರ್ಮಾನ ಕದಲಲಿಲ್ಲ. 2025ರ ಜುಲೈನಲ್ಲಿ ಡೇವಿಡ್ ಕೊರೆನ್ಸ್‌ವೆಟ್ ಸೂಪರ್‌ಮ್ಯಾನ್ ಆಗಿ ತೆರೆಗೆ ಬಂದರು.