ಎಕ್ಸ್‌ಎಂಎಲ್ ಬಿಟ್ಟು ಅನೋಟೇಷನ್‌ಗೆ ಹೋಗುವಾಗ

ಪ್ರಶ್ನೆ: ತಿಪಟೂರಿನ ಕೊಬ್ಬರಿ ವರ್ತಕರ ಬಿಲ್ಲು, ಲೆಕ್ಕಗಳಿಗಾಗಿ ಜಾವಾದಲ್ಲಿ ಬರೆದ ತಂತ್ರಾಂಶವೊಂದನ್ನು ತುಮಕೂರಿನ ನಮ್ಮ ಚಿಕ್ಕ ತಂಡ ನೋಡಿಕೊಳ್ಳುತ್ತಿದೆ. ಕ್ಲಾಸ್‌ಗಳನ್ನು ಒಂದಕ್ಕೊಂದು ಜೋಡಿಸಿಕೊಡುವ ಸ್ಪ್ರಿಂಗ್ ಎಂಬ ಫ್ರೇಮ್‌ವರ್ಕ್ ಬಳಸುವ ಈ ತಂತ್ರಾಂಶದಲ್ಲಿ ಯಾವ ಕ್ಲಾಸಿಗೆ ಏನನ್ನು ಒದಗಿಸಬೇಕೆಂಬುದೆಲ್ಲ ಒಂದೇ ದೊಡ್ಡ ಎಕ್ಸ್‌ಎಂಎಲ್ ಫೈಲಿನಲ್ಲಿದೆ. ಅದನ್ನು ಅನೋಟೇಷನ್‌ಗೆ (ಕೋಡಿನಲ್ಲೇ ‘@’ ಹಾಕಿ ಬರೆಯುವ ಗುರುತಿಗೆ) ಬದಲಾಯಿಸಲೆಂದು, ಅಂಥ ಗುರುತಿರುವ ಕ್ಲಾಸ್‌ಗಳನ್ನು ಸ್ಪ್ರಿಂಗ್ ತಾನೇ ಹುಡುಕುವ ಸ್ಕ್ಯಾನಿಂಗ್ ಆರಂಭಿಸಿ, ಹರಾಜಿನ ದರ ಕೊಡುವ ಕ್ಲಾಸಿಗೆ ‘@ಕಾಂಪೊನೆಂಟ್’ ಹಾಕಿದೆವು. ಕೂಡಲೇ ‘ಒಂದು ಬೀನ್ ಇರಬೇಕಿತ್ತು, ಎರಡು ಸಿಕ್ಕಿವೆ’ ಎಂಬ ಎರರ್ ಬಂದು ತಂತ್ರಾಂಶ ಶುರುವಾಗುತ್ತಲೇ ಇಲ್ಲ (ಬೀನ್ ಎಂದರೆ ಸ್ಪ್ರಿಂಗ್ ನೋಡಿಕೊಳ್ಳುವ ಆಬ್ಜೆಕ್ಟ್). ನಾವು ಬರೆದಿರುವುದು ಒಂದೇ ಕ್ಲಾಸ್. ಎಕ್ಸ್‌ಎಂಎಲ್ ಅನ್ನು ಪೂರ್ತಿ ಅಳಿಸಿಬಿಡಬೇಕೆ?
— ಓದುಗರೊಬ್ಬರು, ತುಮಕೂರು

ಉತ್ತರ: ಪೂರ್ತಿ ಅಳಿಸಬೇಡಿ, ಆ ಕ್ಲಾಸಿಗೆ ಸಂಬಂಧಿಸಿದ ಬೀನ್ ನಮೂದನ್ನು ಮಾತ್ರ ತೆಗೆಯಿರಿ. ಕ್ಲಾಸ್ ಒಂದೇ ಆದರೂ ಅದು ಎರಡು ಕಡೆ ನೋಂದಣಿಯಾಗಿದೆ: ಎಕ್ಸ್‌ಎಂಎಲ್‌ನಲ್ಲಿ ನೀವು ಕೊಟ್ಟ ಐಡಿಯ ಹೆಸರಿನಲ್ಲಿ ಒಮ್ಮೆ, ಸ್ಕ್ಯಾನಿಂಗ್ ತಾನಾಗಿಯೇ ಕ್ಲಾಸಿನ ಹೆಸರಿನಿಂದ ಮಾಡಿಕೊಂಡ ಹೆಸರಿನಲ್ಲಿ ಇನ್ನೊಮ್ಮೆ. ಆ ದರವನ್ನು ಬಳಸುವ ಬಿಲ್ ಕ್ಲಾಸ್ ತನಗೆ ಬೇಕಾದುದನ್ನು ಟೈಪ್ ನೋಡಿ ಕೇಳುವುದರಿಂದ ಎರಡೂ ಹೊಂದುತ್ತವೆ, ಯಾವುದನ್ನು ಕೊಡಬೇಕೆಂದು ಸ್ಪ್ರಿಂಗ್‌ಗೆ ತಿಳಿಯುವುದಿಲ್ಲ.

ಈ ಎರಡು ವಿಧಾನಗಳೂ ಒಂದೇ ತಂತ್ರಾಂಶದಲ್ಲಿ ಜೊತೆಯಾಗಿ ಇರಬಲ್ಲವು. 2004ರ ಮಾರ್ಚ್‌ನಲ್ಲಿ ಸ್ಪ್ರಿಂಗ್ 1.0 ಬಂದಾಗ ಜಾವಾ ಭಾಷೆಯಲ್ಲಿ ಅನೋಟೇಷನ್ ಇನ್ನೂ ಇರಲಿಲ್ಲ; ಅದೇ ವರ್ಷದ ಕೊನೆಯ ಭಾಗದಲ್ಲಿ ಜಾವಾ 5 ಅದನ್ನು ತಂದಿತು. 2007ರ ಸ್ಪ್ರಿಂಗ್ 2.5ರಲ್ಲಿ ‘@ಕಾಂಪೊನೆಂಟ್’ ಸ್ಕ್ಯಾನಿಂಗ್ ಮತ್ತು ಬೇಕಾದ ಬೀನನ್ನು ತಾನಾಗಿ ತುಂಬಿಸುವ ‘@ಆಟೋವೈರ್ಡ್’, 2009ರ 3.0ರಲ್ಲಿ ಜೋಡಣೆಯನ್ನು ಜಾವಾದಲ್ಲೇ ಬರೆಯುವ ‘@ಕಾನ್ಫಿಗರೇಷನ್’ ಕ್ಲಾಸ್‌ಗಳು ಸೇರಿದವು. ಆದ್ದರಿಂದ ಒಂದೊಂದೇ ಕ್ಲಾಸನ್ನು ಸಾಗಿಸಿ, ಪ್ರತಿ ಸಲವೂ ಅನೋಟೇಷನ್ ಹಾಕುವುದನ್ನೂ ಎಕ್ಸ್‌ಎಂಎಲ್ ನಮೂದು ತೆಗೆಯುವುದನ್ನೂ ಒಟ್ಟಿಗೇ ಮಾಡಿರಿ. ಅರ್ಧ ಸಾಗಿಸಿದ ಕ್ಲಾಸಿನಲ್ಲಿ ಇನ್ನೊಂದು ಅಪಾಯವಿದೆ. ಒಂದೇ ಪ್ರಾಪರ್ಟಿಗೆ ಎರಡೂ ಕಡೆಯಿಂದ ಮೌಲ್ಯ (ವ್ಯಾಲ್ಯೂ) ಕೊಟ್ಟಿದ್ದರೆ ಸ್ಪ್ರಿಂಗ್ ಮೊದಲು ಅನೋಟೇಷನ್ ಪ್ರಕಾರ ತುಂಬಿ, ನಂತರ ಎಕ್ಸ್‌ಎಂಎಲ್ ಪ್ರಕಾರ ತುಂಬುತ್ತದೆ. ಕೊನೆಗೆ ಉಳಿಯುವುದು ಎಕ್ಸ್‌ಎಂಎಲ್‌ನ ಮೌಲ್ಯ. ಯಾವ ಎರರ್ ಕೂಡ ಬಾರದ ಕಾರಣ ಇದನ್ನು ಪತ್ತೆ ಮಾಡುವುದು ನಿಮಗೀಗ ಬಂದಿರುವ ತೊಂದರೆಗಿಂತ ಕಷ್ಟ.

ನೀವೇ ಬರೆದ ಕ್ಲಾಸ್‌ಗಳಿಗೆ ಬೇಕಾದುದನ್ನು ಫೀಲ್ಡಿನ ಮೇಲೆ ‘@ಆಟೋವೈರ್ಡ್’ ಹಾಕಿ ಪಡೆಯುವುದಕ್ಕಿಂತ, ಆಬ್ಜೆಕ್ಟ್ ರಚಿಸುವಾಗ ನಡೆಯುವ ಕನ್‌ಸ್ಟ್ರಕ್ಟರ್ ಮೂಲಕ ಪಡೆಯಿರೆಂದು ಒತ್ತಿ ಹೇಳುತ್ತೇನೆ. ಕನ್‌ಸ್ಟ್ರಕ್ಟರ್ ಒಂದೇ ಇದ್ದರೆ 2016ರ ಸ್ಪ್ರಿಂಗ್ 4.3ರಿಂದ ಈಚೆಗೆ ಅದರ ಮೇಲೆ ಅನೋಟೇಷನ್ ಕೂಡ ಬೇಕಿಲ್ಲ. ಇದರ ನಿಜವಾದ ಲಾಭ ಪರೀಕ್ಷೆಯಲ್ಲಿದೆ: ಕ್ವಿಂಟಲಿಗೆ 10,000 ರೂಪಾಯಿ ಎಂದು ಮಾತ್ರ ಹೇಳುವ ಪುಟ್ಟ ದರದ ಕ್ಲಾಸೊಂದನ್ನು ಬರೆದು ಬಿಲ್ ಕ್ಲಾಸಿನ ಕನ್‌ಸ್ಟ್ರಕ್ಟರಿಗೆ ಕೊಟ್ಟರೆ, ಎರಡು ಕ್ವಿಂಟಲ್ ಕೊಬ್ಬರಿಗೆ 20,000 ಬರುತ್ತದೆಯೇ ಎಂಬುದನ್ನು ಸ್ಪ್ರಿಂಗ್ ಅನ್ನು ಶುರು ಮಾಡದೆಯೇ ನೋಡಬಹುದು.

ಡೇಟಾಬೇಸ್ ಸಂಪರ್ಕ, ಎಸ್‌ಎಂಎಸ್ ಕಳುಹಿಸುವ ಲೈಬ್ರರಿ ಮುಂತಾದ ಬೇರೆಯವರ ಕ್ಲಾಸ್‌ಗಳ ಒಳಗೆ ನೀವು ಅನೋಟೇಷನ್ ಬರೆಯಲಾಗದು. ಅವುಗಳಿಗೆ ‘@ಕಾನ್ಫಿಗರೇಷನ್’ ಕ್ಲಾಸಿನಲ್ಲಿ, ಆ ಆಬ್ಜೆಕ್ಟನ್ನು ರಚಿಸಿ ಕೊಡುವ ‘@ಬೀನ್’ ಮೆಥಡ್ ಬರೆಯಿರಿ. ಮುಂದೆ ಹರಾಜಿನ ದರದ ಜೊತೆಗೆ, ಗುಮಾಸ್ತರು ಕೈಯಿಂದ ತುಂಬುವ ದರಕ್ಕೂ ಒಂದು ಕ್ಲಾಸ್ ಸೇರಿದರೆ ಇದೇ ಎರರ್ ಮತ್ತೆ ಬರುತ್ತದೆ, ಆಗ ಬೀನ್‌ಗಳು ನಿಜವಾಗಿಯೂ ಎರಡಿರುತ್ತವೆ. ಬಿಲ್ ಕ್ಲಾಸಿನಲ್ಲಿ ‘@ಕ್ವಾಲಿಫೈಯರ್’ ಹಾಕಿ ಹೆಸರಿಸಬಹುದು, ಒಂದಕ್ಕೆ ‘@ಪ್ರೈಮರಿ’ ಎಂದೂ ಹೇಳಬಹುದು. ಆದರೆ ಇಂಥ ಆಯ್ಕೆಯನ್ನು ‘@ಕಾನ್ಫಿಗರೇಷನ್’ ಕ್ಲಾಸಿನಲ್ಲೇ ಇಡುವುದು ಮೇಲೆಂಬುದು ನನ್ನ ಅಭಿಪ್ರಾಯ. ಇಡೀ ಜೋಡಣೆಯನ್ನು ಒಂದೆಡೆ ಓದಬಹುದೆಂಬ ಎಕ್ಸ್‌ಎಂಎಲ್‌ನ ಒಳ್ಳೆಯ ಗುಣವನ್ನು ಇದರಿಂದ ಬಹುಮಟ್ಟಿಗೆ ಉಳಿಸಿಕೊಳ್ಳಬಹುದು, ಜೊತೆಗೆ ಹೆಸರು ತಪ್ಪಿದರೆ ಕಂಪೈಲರ್ ಕೂಡಲೇ ತೋರಿಸುತ್ತದೆ.

ಪ್ರಶ್ನೆ: ಎಕ್ಸ್‌ಎಂಎಲ್ ಆದರೆ ಕಂಪೈಲ್ ಮಾಡದೆಯೇ ಬದಲಾಯಿಸಬಹುದಿತ್ತು. ಅನೋಟೇಷನ್‌ನಲ್ಲಿ ಆ ಅನುಕೂಲ ಹೋಗುವುದಿಲ್ಲವೇ?
— ಓದುಗರೊಬ್ಬರು, ಗೌರಿಬಿದನೂರು

ಉತ್ತರ: ಜೋಡಣೆಯ ಮಟ್ಟಿಗೆ ಹೋಗುತ್ತದೆ. ಆದರೆ ಊರಿಂದೂರಿಗೆ ಬದಲಾಗುವ ಡೇಟಾಬೇಸ್ ವಿಳಾಸ, ಪಾಸ್‌ವರ್ಡ್‌ಗಳನ್ನು ಕೋಡಿನಲ್ಲಿ ಬರೆಯಲೇಬಾರದು; ಅವನ್ನು ಹೊರಗಿನ ಪ್ರಾಪರ್ಟೀಸ್ ಫೈಲಿನಲ್ಲಿಟ್ಟು ‘@ವ್ಯಾಲ್ಯೂ’ ಮೂಲಕ ತರಿಸಿಕೊಳ್ಳಿ. ಒಂದು ಕಡೆ ಒಂದು ಕ್ಲಾಸ್, ಇನ್ನೊಂದು ಕಡೆ ಬೇರೆ ಕ್ಲಾಸ್ ಬಳಸಬೇಕಿದ್ದರೆ ಸ್ಪ್ರಿಂಗ್ 3.1ರಿಂದ ಲಭ್ಯವಿರುವ ‘@ಪ್ರೊಫೈಲ್’ ಸಾಕು. ಯಾವ ಪ್ರೊಫೈಲ್ ಬೇಕೆಂಬುದನ್ನು ತಂತ್ರಾಂಶ ಶುರು ಮಾಡುವಾಗ ಹೇಳಿದರಾಯಿತು.