ಇ11.649 ಎಂದರೆ ಲೈಸೆನ್ಸ್ ರದ್ದೇ?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಬೆಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ (ರೋಗಿಯ ದಾಖಲೆಗೆ ರೋಗದ ಸಂಕೇತ ಹಾಕುವ ಕೆಲಸ) ತರಬೇತಿ ಪಡೆಯುತ್ತಿದ್ದೇನೆ. 62 ವರ್ಷದ ನನ್ನ ತಂದೆ ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಕಳೆದ ತಿಂಗಳು ತೋಟಕ್ಕೆ ಹೋಗುವಾಗ ಬೆವತು, ಕೈ ನಡುಗಿ, ಕಾರನ್ನು ದಾರಿಯಲ್ಲೇ ನಿಲ್ಲಿಸಿದರಂತೆ. ನಾನು ಕಲಿತಂತೆ ಇದು ಇ11.649. ಈ ಸಂಕೇತ ಬಿದ್ದವರು ವಾಹನ ಓಡಿಸಬಾರದೇ?"

ಸಂಪಾದಕರ ಉತ್ತರ:

ನೀವು ಕಲಿತದ್ದು ಸರಿಯಾಗಿದೆ, ಅನ್ವಯಿಸಿದ್ದು ಸರಿಯಿಲ್ಲ. ಅಮೆರಿಕದ ಆಸ್ಪತ್ರೆಗಳು ಬಳಸುವ, ಐಸಿಡಿ-10 ಎಂಬ ಅಂತರರಾಷ್ಟ್ರೀಯ ರೋಗಸಂಕೇತ ಪಟ್ಟಿಯ ವಿಸ್ತೃತ ರೂಪದಲ್ಲಿ ಇ11 ಎಂದರೆ ಎರಡನೇ ಬಗೆಯ ಮಧುಮೇಹ; ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದ್ದರೆ 641, ತಪ್ಪದಿದ್ದರೆ 649. ಆದರೆ ವೈದ್ಯರು ಬರೆಯದ ರೋಗಕ್ಕೆ ಕೋಡರ್ ಸಂಕೇತ ಹಾಕುವಂತಿಲ್ಲ. ರಕ್ತಪರೀಕ್ಷೆಯ ವರದಿಯಲ್ಲಿ ಸಕ್ಕರೆ 62 ಎಂಬ ಅಂಕಿ ಕಂಡರೂ ಅಷ್ಟರಿಂದಲೇ ಹಾಕುವಂತಿಲ್ಲ. ತಂದೆಯವರ ವಿಷಯದಲ್ಲಂತೂ ವೈದ್ಯರಿಗೆ ಸಂಗತಿಯೇ ತಿಳಿದಿಲ್ಲವೆಂದು ನಿಮ್ಮ ಪತ್ರದಿಂದ ಊಹಿಸುತ್ತೇನೆ. ಸಂಕೇತವು ದಾಖಲೆಗೂ ಬಿಲ್ಲಿಗೂ ಸಂಬಂಧಿಸಿದ್ದು. ಅದು ಯಾರ ಲೈಸೆನ್ಸನ್ನೂ ಕಿತ್ತುಕೊಳ್ಳುವುದಿಲ್ಲ.

ಯೋಚಿಸಬೇಕಾದದ್ದು ಆ ಮಾತ್ರೆಯನ್ನು ಕುರಿತು. ಸಕ್ಕರೆ ಕಾಯಿಲೆಯ ಇನ್ನೊಂದು ಮಾತ್ರೆಯಾದ ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ಹೊಟ್ಟೆಗೆ ಊಟ ಬಿದ್ದಿದೆಯೋ ಇಲ್ಲವೋ ನೋಡದೆ ಇನ್ಸುಲಿನ್ ಸ್ರವಿಸುವಂತೆ ಮಾಡುತ್ತದೆ. ಬೆಳಗ್ಗೆ ಮಾತ್ರೆ ನುಂಗಿ, ತಿಂಡಿಯನ್ನು ತೋಟದಿಂದ ಬಂದ ಮೇಲೆ ಎಂದು ಮುಂದೂಡುವವರಿಗೂ, ಮಾತ್ರೆ ಬಿಡದೆ ಏಕಾದಶಿ ಮಾಡುವವರಿಗೂ (ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ) ಅಪಾಯ ಇಲ್ಲೇ ಇದೆ. ಪ್ರತಿ ಡೆಸಿಲೀಟರ್ ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಂಗಿಂತ ಇಳಿದರೆ ಅದು ಕುಸಿತ. 54ಕ್ಕಿಂತ ಇಳಿದರೆ ಮಿದುಳಿನ ಕೆಲಸವೇ ಮಂಕಾಗುತ್ತದೆ. ರಕ್ತದೊತ್ತಡಕ್ಕೆಂದು ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿದ್ದರೆ ನಡುಕ ಮತ್ತು ಎದೆಬಡಿತ ಗೊತ್ತಾಗದೆ ಹೋಗಬಹುದು, ಬೆವರು ಮಾತ್ರ ಉಳಿಯುತ್ತದೆ.

ಬ್ರಿಟನ್ನಿನಲ್ಲಿ ಇನ್ಸುಲಿನ್ ಪಡೆಯುವ ಚಾಲಕರಿಗೆ ಹೇಳುವ ಕ್ರಮ ನಿಮ್ಮ ತಂದೆಯವರಿಗೂ ಒಪ್ಪುವಂಥದ್ದು: ಹೊರಡುವ ಮೊದಲು ಗ್ಲುಕೋಮೀಟರಿನಲ್ಲಿ ನೋಡುವುದು, ದೂರದ ಪ್ರಯಾಣವಾದರೆ ಎರಡು ಗಂಟೆಗೊಮ್ಮೆ ನೋಡುವುದು, 90ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದು ಹೊರಡುವುದು, ಕುಸಿತದ ಮಟ್ಟಕ್ಕೆ ಇಳಿದಿದ್ದರೆ ಹೊರಡದಿರುವುದು. ದಾರಿಯಲ್ಲಿ ಬೆವರಿದರೆ ಗಾಡಿಯನ್ನು ಎಡಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಚಾಲಕನ ಸೀಟಿನಿಂದ ಎದ್ದುಬಿಡಬೇಕು. ಮೂರು ಚಮಚದಷ್ಟು ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕುಡಿದು 15 ನಿಮಿಷದ ನಂತರ ಮತ್ತೆ ನೋಡಬೇಕು. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಅಂಕಿ ಸರಿಹೋದ ಮೇಲೂ 45 ನಿಮಿಷ ಸ್ಟೇರಿಂಗ್ ಮುಟ್ಟಬಾರದು, ಏಕೆಂದರೆ ಮಿದುಳು ಚೇತರಿಸಿಕೊಳ್ಳುವುದು ರಕ್ತಕ್ಕಿಂತ ನಿಧಾನ.

ಇನ್ನು ನಮ್ಮ ದೇಶದ ಕಾನೂನಿನ ಮಾತು. ಲೈಸೆನ್ಸಿನ ಫಾರಂ 1ರಲ್ಲಿ ಹಠಾತ್ತನೆ ಪ್ರಜ್ಞೆ ತಪ್ಪುವ ಅಥವಾ ತಲೆಸುತ್ತುವ ತೊಂದರೆ ಇದೆಯೇ ಎಂದು ಕೇಳುತ್ತಾರೆ. 40 ದಾಟಿದವರು ಫಾರಂ 1ಎಯಲ್ಲಿ ವೈದ್ಯರ ಪ್ರಮಾಣಪತ್ರವನ್ನೂ ಕೊಡಬೇಕು. ಅದನ್ನು ಪರೀಕ್ಷಿಸದೆ ಸಹಿ ಹಾಕಿಸಿಕೊಂಡು ಬರುವ ನಮ್ಮ ರೂಢಿ ನನಗೆ ಒಪ್ಪಿಗೆಯಿಲ್ಲ.

ತಂದೆಯವರು ಈ ವಾರವೇ ವೈದ್ಯರನ್ನು ಕಂಡು, ನಡೆದದ್ದನ್ನು ಮುಚ್ಚಿಡದೆ ಹೇಳಲಿ. ಮಾತ್ರೆಯ ಪ್ರಮಾಣವನ್ನು ತಗ್ಗಿಸಬೇಕೋ, ಮಾತ್ರೆಯನ್ನೇ ಬದಲಿಸಬೇಕೋ ವೈದ್ಯರು ನಿರ್ಧರಿಸುತ್ತಾರೆ. ಅಲ್ಲಿಯವರೆಗೆ ತೋಟಕ್ಕೆ ಹೋಗುವಾಗ ಕಾರನ್ನು ಬೇರೆಯವರು ಓಡಿಸಲಿ.