ಮೊದಲ ಮಹಾಯುದ್ಧದ ಬ್ರಿಟಿಷ್ ಸ್ನೈಪರ್ ರೈಫಲ್‌ಗಳಲ್ಲಿ ದುರ್ಬೀನು ನಳಿಗೆಯ ನೇರಕ್ಕಿರದೆ ಎಡಕ್ಕೆ ಸರಿದಿರುವುದೇಕೆ?

ಗುಂಡು ತುಂಬಲು ದಾರಿ ಬಿಡಲಿಕ್ಕೆ, ಅಷ್ಟೇ. ಬ್ರಿಟಿಷ್ ಸೈನಿಕರ ರೈಫಲ್ಲಾದ ಲೀ-ಎನ್‌ಫೀಲ್ಡ್‌ಗೆ ಐದೈದು ಗುಂಡುಗಳ ಕ್ಲಿಪ್ಪನ್ನು ಮೇಲಿನಿಂದ ಒತ್ತಿ ತುಂಬುತ್ತಿದ್ದರು. ದುರ್ಬೀನು ನಡುವೆ ಕೂತರೆ ಅದಕ್ಕೆ ಅಡ್ಡ. ಹಾಗಾಗಿ ಆಲ್ಡಿಸ್, ಪೆರಿಸ್ಕೋಪಿಕ್ ಪ್ರಿಸಂ ಕಂಪನಿಗಳ ದುರ್ಬೀನುಗಳನ್ನು ಎಡಬದಿಗೆ ಕೂರಿಸಿದರು.

ಲೆಕ್ಕಕ್ಕೇನೋ ಸರಿ, ಕಂದಕದಲ್ಲಿ ಮಾತ್ರ ಪೀಕಲಾಟ! ಕೆನ್ನೆ ರೈಫಲ್ಲಿನ ಮರಕ್ಕೆ ಸರಿಯಾಗಿ ಒರಗುತ್ತಿರಲಿಲ್ಲ. ಕಂದಕದಲ್ಲಿ ರಕ್ಷಣೆಗೆ ನಿಲ್ಲಿಸಿದ ಉಕ್ಕಿನ ತಗಡಿನ ಕಿರಿದಾದ ಕಿಂಡಿಯಲ್ಲಿ ನಳಿಗೆ ತೂರಿಸಿದರೆ ದುರ್ಬೀನಿಗೆ ಕಾಣುತ್ತಿದ್ದುದು ಬರೀ ತಗಡು. ಬ್ರಿಟಿಷ್ ಸ್ನೈಪರ್‌ಗಳಿಗೆ ತರಬೇತಿ ಕೊಟ್ಟ ಹೆಸ್ಕೆತ್-ಪ್ರಿಚರ್ಡ್ ಅವರಿಗೂ ಈ ಜೋಡಣೆ ಹಿಡಿಸಿರಲಿಲ್ಲ. ಜರ್ಮನರ ಗೆವೇರ್ 98 ರೈಫಲ್ಲಿನಲ್ಲಿ ದುರ್ಬೀನು ಹೆಚ್ಚಾಗಿ ನಳಿಗೆಯ ನೇರ ಮೇಲೆಯೇ ಇರುತ್ತಿತ್ತು.

ಎರಡನೇ ಮಹಾಯುದ್ಧದ ನಂ. 4 (ಟಿ) ರೈಫಲ್ಲಿನಲ್ಲಿ, 3 ಪಟ್ಟು ಹಿಗ್ಗಿಸಿ ತೋರಿಸುವ ನಂ. 32 ದುರ್ಬೀನನ್ನು ಬ್ರಿಟಿಷರೂ ಮೇಲಕ್ಕೇ ತಂದರು. ಕ್ಲಿಪ್ ಬಿಟ್ಟು ಗುಂಡುಗಳನ್ನು ಒಂದೊಂದಾಗಿ ತುಂಬಬೇಕಾಯಿತು.